ಮೊಮ್ಮಗನ ಐಸ್ ಹಾಕಿ ತಿಳಿಯಬೇಕಾದರೆ ಮೊದಲು ಪಕ್ ನೋಡುವುದನ್ನು ಬಿಡಿ

ಪ್ರಶ್ನೆ: ನಾನು ಗದಗ-ಬೆಟಗೇರಿಯವನು, ವಯಸ್ಸು 67. ಹುಡುಗನಾಗಿದ್ದಾಗ ಹಾಕಿ ಆಡಿದ್ದೇನೆ. ಮಗಳ ಸಂಸಾರ ಕೆನಡಾದ ಕ್ಯಾಲ್ಗರಿಯಲ್ಲಿದೆ. ಹತ್ತು ವರ್ಷದ ಮೊಮ್ಮಗ ಅಲ್ಲಿ ಐಸ್ ಹಾಕಿ ಆಡುತ್ತಾನೆ. ಈ ಡಿಸೆಂಬರ್‌ನಲ್ಲಿ ನಾನು ಹೋಗುವವನಿದ್ದೇನೆ. ಮಗಳು ಕಳಿಸಿದ ವಿಡಿಯೊ ನಾಲ್ಕೈದು ಸಲ ನೋಡಿದೆ, ತಲೆಬುಡ ತಿಳಿಯಲಿಲ್ಲ. ಚೆಂಡೇ ಕಾಣಿಸುವುದಿಲ್ಲ. ಆಟ ನಡೆದಿರುವಾಗಲೇ ಹುಡುಗರು ಹೊರಗೆ ಹೋಗುತ್ತಾರೆ, ಬೇರೆಯವರು ಒಳಗೆ ಬರುತ್ತಾರೆ. ಏನೂ ತಪ್ಪಾಗದಿದ್ದರೂ ಸೀಟಿ ಊದುತ್ತಾರೆ. ಟಿವಿಯಲ್ಲಿ ದೊಡ್ಡವರ ಆಟ ಹಾಕಿದರೆ ಹೊಡೆದಾಟ, ಅಂಪೈರ್ ಸುಮ್ಮನೆ ನಿಂತು ನೋಡುತ್ತಾನೆ. ಮೊಮ್ಮಗ ಫೋನಿನಲ್ಲಿ "ಅಜ್ಜಾ, ಐಸಿಂಗ್ ಅಂದ್ರೇನು ಗೊತ್ತಾ?" ಅಂದ. "ಕೇಕಿನ ಮೇಲೆ ಹಚ್ಚೋದು" ಅಂದೆ. ಬಿದ್ದು ಬಿದ್ದು ನಕ್ಕ. ಮೊದಲಿನಿಂದ ಹೇಳಿಕೊಡಿ. ನಮ್ಮ ದೇಶದಲ್ಲಿ ಈ ಆಟ ಇದೆಯಾ? ಅಲ್ಲಿ ಕೂತು ಕೂಗಬಹುದಾ?

ಉತ್ತರ: ಕಾಕಾ ಅಂತಲೇ ಕರೆಯುತ್ತೇನೆ, ನಮ್ಮ ಕಡೆ ಅದೇ ರೂಢಿ ಅಲ್ವಾ. ನಾನು ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಬಡಾವಣೆಯ ಹುಡುಗರ ಜೊತೆ ಹಾಕಿ ಆಡಿ ಬೆಳೆದವನು. ಕೆಲಸದ ಮೇಲೆ ಕೆನಡಾಕ್ಕೆ ಹೋದಾಗ "ಹಾಕಿ ಅಂದರೆ ಹಾಕಿ, ನೆಲ ಮಾತ್ರ ಬೇರೆ" ಅಂದುಕೊಂಡು ಒಂದು ಪಂದ್ಯಕ್ಕೆ ಹೋಗಿ ಕೂತೆ. ಒಂದು ಗಂಟೆ ಕೂತರೂ ನಿಮ್ಮ ಹಾಗೇ ಏನೂ ಹತ್ತಲಿಲ್ಲ. ಆಮೇಲೆ ಮಕ್ಕಳ ಪಂದ್ಯಗಳಲ್ಲಿ ಗಡಿಯಾರ ನೋಡುವುದು, ತಪ್ಪು ಮಾಡಿದವರು ಕೂರುವ ಪೆನಾಲ್ಟಿ ಬಾಕ್ಸಿನ ಬಾಗಿಲು ತೆಗೆಯುವುದು, ಹೀಗೆ ಪುಕ್ಕಟೆ ಸೇವೆ ಮಾಡುತ್ತ ಐದು ಚಳಿಗಾಲ ಕಳೆದೆ. ಈಗ ಊರಿಗೆ ಮರಳಿದ್ದೇನೆ. ಭಾನುವಾರ ಬೆಳಗ್ಗೆ ಒಂದಿಷ್ಟು ಮಕ್ಕಳಿಗೆ ಸಿಮೆಂಟ್ ನೆಲದ ಮೇಲೆ ಗಾಲಿ ಸ್ಕೇಟ್ ಹಾಕಿಸಿ ಅದೇ ಆಟ ಆಡಿಸುತ್ತೇನೆ.

ನಿಮಗೆ ಹಾಕಿ ಗೊತ್ತಿದೆಯಲ್ಲ, ಅದೇ ತೊಡಕು. ಕೈಯಲ್ಲಿ ಸ್ಟಿಕ್ ಇದೆ, ಗೋಲು ಇದೆ, ಹೆಸರೂ ಅದೇ. ಹಾಗಾಗಿ ಮನಸ್ಸು ಹಾಕಿಯನ್ನೇ ಹುಡುಕುತ್ತದೆ. ನೀವು ಹಾಕಿಯನ್ನು ಬದಿಗಿಟ್ಟು ಕಬಡ್ಡಿ, ಖೋ ಖೋ ನೆನಪು ಮಾಡಿಕೊಳ್ಳಿ. ಐಸ್ ಹಾಕಿ ಒಳಗಿಂದ ಅವಕ್ಕೇ ಹತ್ತಿರ. ಇಕ್ಕಟ್ಟು ಜಾಗ, ದಾಟಬಾರದ ಗೆರೆ, ಔಟಾಗಿ ಹೊರಗೆ ಕೂರುವ ಆಟಗಾರ, ಬೇಗ ಕಟ್ಟಿಬರುವ ಉಸಿರು.

ಪಕ್ಕಿನಿಂದ ಶುರು ಮಾಡೋಣ. ಅಲ್ಲಿ ಚೆಂಡಿಲ್ಲ. ಕಪ್ಪು ರಬ್ಬರಿನ ಬಿಲ್ಲೆ ಇದೆ, ಅದಕ್ಕೇ ಪಕ್ ಅನ್ನುವುದು. 3 ಇಂಚು ಅಗಲ, 1 ಇಂಚು ದಪ್ಪ, ತೂಕ 156ರಿಂದ 170 ಗ್ರಾಂ. ನೀವು ಆಡಿದ ಹಾಕಿ ಚೆಂಡು 156ರಿಂದ 163 ಗ್ರಾಂ. ಕ್ರಿಕೆಟ್ ಚೆಂಡಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಕಣ್ಣು ಮುಚ್ಚಿ ಮೂರನ್ನೂ ಕೈಯಲ್ಲಿ ತೂಗಿದರೆ ಬರೀ ತೂಕದಿಂದ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ. ನಾನು ತಂದ ಒಂದು ಪಕ್ ನಮ್ಮ ಮನೆಯಲ್ಲಿದೆ. ಅವ್ವ ಅದನ್ನು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದಾಳೆ.

ಒಂದು ದಿನ ಮಕ್ಕಳಿಗೆ ತೋರಿಸಬೇಕು ಅಂತ ಆ ಪಕ್ ತೆಗೆದುಕೊಂಡು ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಸೊಂಟದೆತ್ತರದಿಂದ ಬಿಟ್ಟೆ. ಚಂಗನೆ ಪುಟಿದು ಕಪಾಟಿನ ಕೆಳಗೆ ಹೋಯಿತು. ರಾತ್ರಿಯೆಲ್ಲ ಫ್ರೀಜರ್‌ನಲ್ಲಿಟ್ಟು ಬೆಳಗ್ಗೆ ಮತ್ತೆ ಬಿಟ್ಟೆ. ಥಪ್ ಅಂತ ಬಿದ್ದು ಬಹುತೇಕ ಅಲ್ಲೇ ಉಳಿಯಿತು. ತಣ್ಣಗಾದ ರಬ್ಬರ್ ಗಟ್ಟಿಯಾಗುತ್ತದೆ, ಪುಟಿಯುವುದು ಕಡಿಮೆ. ಅದಕ್ಕೇ ಎನ್‌ಎಚ್‌ಎಲ್ ಅನ್ನುವ ಉತ್ತರ ಅಮೆರಿಕದ ದೊಡ್ಡ ಲೀಗಿನಲ್ಲಿ ಪಂದ್ಯಕ್ಕೆ ಮೊದಲು ಪಕ್‌ಗಳನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ. ಪುಟಿಯುವ ಪಕ್ ಮಂಜುಗಡ್ಡೆಯ ಮೇಲೆ ಜಾರುವುದಿಲ್ಲ, ಕುಪ್ಪಳಿಸುತ್ತದೆ. ಪಾಸ್ ಕೊಟ್ಟವನಿಗೂ ತೆಗೆದುಕೊಳ್ಳುವವನಿಗೂ ಕಷ್ಟ.

ಈಗ ಅದನ್ನು ನೋಡುವುದು ಹೇಗೆ? ನೋಡಬೇಡಿ. ದೊಡ್ಡವರ ಹೊಡೆತ ಗಂಟೆಗೆ 160 ಕಿಲೋಮೀಟರ್ ದಾಟುತ್ತದೆ, ಅದರ ಹಿಂದೆ ಬಿದ್ದರೆ ಕಣ್ಣೇ ನೋವು. ಹೊಲದಲ್ಲಿ ಇಲಿ ಕಾಣಿಸದಿದ್ದರೂ ನಾಯಿ ಓಡುವ ದಿಕ್ಕು ನೋಡಿ ಇಲಿ ಎಲ್ಲಿದೆ ಅಂತ ಗೊತ್ತಾಗುತ್ತದಲ್ಲ, ಹಾಗೆ. ಹತ್ತು ಜನ ಯಾವ ಕಡೆ ತಿರುಗಿದ್ದಾರೆ, ಯಾರ ಸ್ಟಿಕ್ ನೆಲಕ್ಕೆ ತಾಗಿದೆ, ಗೋಲ್‌ಕೀಪರ್ ಯಾವ ಕಡೆ ಸರಿಯುತ್ತಿದ್ದಾನೆ ಅಂತ ನೋಡಿ. ಎರಡು ಪಂದ್ಯ ಹೀಗೆ ನೋಡಿದರೆ ಮೂರನೆಯದರಲ್ಲಿ ಪಕ್ ತಾನಾಗಿ ಕಾಣಿಸುತ್ತದೆ. ಇನ್ನೊಂದು, ಗಾಜಿಗೆ ಹತ್ತಿದ ಹಾಗೆ ಮುಂದಿನ ಸಾಲಿನಲ್ಲಿ ಕೂರಬೇಡಿ. ನಡುಗೆರೆಯ ಎದುರಿಗೆ, ಸ್ವಲ್ಪ ಮೇಲಿನ ಸಾಲು ಹಿಡಿಯಿರಿ. ಮೇಲಿನಿಂದ ನೋಡಿದರೆ ಇದು ಚೌಕಾಬಾರಾದ ಮನೆಯ ಹಾಗೆ ತೆರೆದುಕೊಳ್ಳುತ್ತದೆ.

ಅಂಗಳಕ್ಕೆ ರಿಂಕ್ ಅನ್ನುತ್ತಾರೆ. ಎನ್‌ಎಚ್‌ಎಲ್ ಅಳತೆ 200 ಅಡಿ ಉದ್ದ, 85 ಅಡಿ ಅಗಲ. ಅಂದರೆ ಸುಮಾರು 61 ಮೀಟರ್‌ಗೆ 26 ಮೀಟರ್. ಮೂಲೆಗಳು ದುಂಡಗೆ. ನಿಮ್ಮ ಹಾಕಿ ಮೈದಾನ 91.4 ಮೀಟರ್‌ಗೆ 55 ಮೀಟರ್. ಲೆಕ್ಕ ಹಾಕಿ ನೋಡಿ, ರಿಂಕ್ ಅದರ ಮೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಇದೆಯಲ್ಲ, ಅದರ ಉದ್ದಕ್ಕೆ ಇಪ್ಪತ್ನಾಲ್ಕು ರಿಂಕ್ ಸಾಲಾಗಿ ಹಾಸಬಹುದು! ಇಷ್ಟು ಸಣ್ಣ ಜಾಗದಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಜಾರುವವನು ಈ ತುದಿಯಿಂದ ಆ ತುದಿಗೆ ಏಳೆಂಟು ಸೆಕೆಂಡಿನಲ್ಲಿ ಮುಟ್ಟುತ್ತಾನೆ. ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲ.

ಸುತ್ತ ಎದೆಮಟ್ಟದ ಗೋಡೆ, ಅದರ ಮೇಲೆ ಗಾಜು. ಪಕ್ ಗೋಡೆಗೆ ಬಡಿದು ವಾಪಸ್ ಬಂದರೆ ಆಟ ನಿಲ್ಲುವುದಿಲ್ಲ. ಸೈಡ್‌ಲೈನ್ ದಾಟಿತು, ಹಿಟ್ ಯಾರದು ಅನ್ನುವ ಮಾತೇ ಇಲ್ಲಿಲ್ಲ. ಗೋಡೆಯೂ ಒಬ್ಬ ಆಟಗಾರನೇ. ಬೇಕಂತಲೇ ಗೋಡೆಗೆ ಹೊಡೆದು, ಅದು ತಿರುಗಿ ಬರುವಲ್ಲಿಗೆ ಜೊತೆಗಾರನನ್ನು ಕಳಿಸುತ್ತಾರೆ. ನನಗೆ ಎಲ್ಲಕ್ಕಿಂತ ವಿಚಿತ್ರ ಅನಿಸಿದ್ದು ಗೋಲಿನ ಹಿಂದೆ ಆಟ ನಡೆಯುವುದು. ಗೋಲು 6 ಅಡಿ ಅಗಲ, 4 ಅಡಿ ಎತ್ತರ. ಅದರ ಬೆನ್ನ ಹಿಂದೆಯೂ ಹತ್ತು-ಹದಿಮೂರು ಅಡಿ ಮಂಜು ಇದೆ. ಒಬ್ಬ ಪಕ್ ತೆಗೆದುಕೊಂಡು ಆ ಹಿತ್ತಿಲಿಗೆ ಹೋಗಿ ನಿಲ್ಲುತ್ತಾನೆ. ಗೋಲ್‌ಕೀಪರ್‌ಗೆ ಹಿಂದೆ ಅವನನ್ನು ನೋಡಬೇಕೋ ಮುಂದೆ ನಿಂತವನನ್ನು ನೋಡಬೇಕೋ ಅಂತ ಪೀಕಲಾಟ. ಅಂದಹಾಗೆ ಅಲ್ಲಿ ಗೋಲ್‌ಕೀಪರ್‌ಗೆ "ಗೋಲಿ" ಅನ್ನುತ್ತಾರೆ. ಮೊಮ್ಮಗ "ನಮ್ಮ ಗೋಲಿ ಚೆನ್ನಾಗಿದ್ದಾನೆ" ಅಂದರೆ ಗೋಲಿಗುಂಡು ಅಂದುಕೊಳ್ಳಬೇಡಿ.

ಸ್ಟಿಕ್ಕಿನ ವಿಷಯಕ್ಕೂ ನಿಮಗೆ ಬೇಜಾರಾಗಬಹುದು. ನಮ್ಮ ಹಾಕಿಯಲ್ಲಿ ಚಪ್ಪಟೆ ಬದಿ ಒಂದೇ, ಉಲ್ಟಾ ತಾಗಿದರೆ ಫೌಲ್, ಎಡಗೈ ಸ್ಟಿಕ್ ಇಲ್ಲವೇ ಇಲ್ಲ. ಅಲ್ಲಿ ಎರಡೂ ಬದಿಯಿಂದ ಹೊಡೆಯಬಹುದು, ಎಡಗೈಯವರಿಗೆ ಅವರದೇ ಸ್ಟಿಕ್. ಕಾಲಿಗೆ ತಾಗಿದರೂ ಪರವಾಗಿಲ್ಲ, ಕಾಲಿನಿಂದ ಪಾಸ್ ಕೂಡ ಕೊಡಬಹುದು. ಬೇಕಂತ ಒದ್ದು ಗೋಲು ಮಾಡಿದರೆ ಮಾತ್ರ ಲೆಕ್ಕಕ್ಕಿಲ್ಲ.

ಒಂದು ತಂಡಕ್ಕೆ ಮಂಜಿನ ಮೇಲೆ ಆರು ಜನ: ಒಬ್ಬ ಗೋಲ್‌ಕೀಪರ್, ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. ಆದರೆ ಬೆಂಚಿನ ಮೇಲೆ ಇನ್ನೂ ಹತ್ತು-ಹನ್ನೆರಡು ಜನ ಕೂತಿರುತ್ತಾರೆ. ನೀವು ಕೇಳಿದ "ನಡುವೆಯೇ ಹೊರಗೆ ಹೋಗುವುದು" ಇದೇ. ಖೋ ಖೋದಲ್ಲಿ ಓಡುವವನು ಖೋ ಕೊಟ್ಟು ಕೂರುತ್ತಾನೆ, ಕೂತವನು ಎದ್ದು ಓಡುತ್ತಾನೆ. ಇಲ್ಲೂ ಹಾಗೇ. ಸೀಟಿ ಬೇಕಿಲ್ಲ, ಅಂಪೈರ್‌ಗೆ ಹೇಳಬೇಕಿಲ್ಲ. ಸುಸ್ತಾದವನು ಬೆಂಚಿನ ಹತ್ತಿರ ಜಾರಿಕೊಂಡು ಬರುತ್ತಾನೆ, ಕೂತವನು ಗೋಡೆ ಹಾರಿ ಒಳಗೆ ಬೀಳುತ್ತಾನೆ. ದೊಡ್ಡವರ ಆಟದಲ್ಲಿ ಒಬ್ಬ ಒಂದು ಸಲಕ್ಕೆ ಆಡುವುದು ಬರೀ 45 ಸೆಕೆಂಡಿನಷ್ಟು. ಒಂದು ಚಹಾ ಆರುವಷ್ಟು ಹೊತ್ತೂ ಇಲ್ಲ. ಅಷ್ಟರಲ್ಲೇ ಕಾಲು ಉರಿಯಲು ಶುರುವಾಗುತ್ತದೆ. ಇದಕ್ಕೆ ಶಿಫ್ಟ್ ಅಂತ ಹೆಸರು, ರೈಲ್ವೆ ವರ್ಕ್‌ಶಾಪಿನ ಶಿಫ್ಟಿನ ಹಾಗೇ, ಸ್ವಲ್ಪ ಚಿಕ್ಕದು ಅಷ್ಟೇ.

ಇದು ಗೊತ್ತಾದರೆ ಆಟದ ಅರ್ಧ ಗೊತ್ತಾದ ಹಾಗೆ. ಯಾವ ತಂಡ ತಾಜಾ ಕಾಲುಗಳನ್ನು ಒಳಗೆ ತಂದಿದೆ, ಯಾವ ತಂಡ ಸುಸ್ತಾದವರನ್ನು ಬದಲಿಸಲಾಗದೆ ಒದ್ದಾಡುತ್ತಿದೆ, ಇದನ್ನು ನೋಡುತ್ತಿರಿ. ಎಷ್ಟೋ ಗೋಲು ಬೀಳುವುದು ಸುಸ್ತಾದವರ ಮೇಲೆಯೇ. ಮಕ್ಕಳ ಆಟದಲ್ಲಿ ಕೋಚ್ "ಚೇಂಜ್, ಚೇಂಜ್" ಅಂತ ಗಂಟಲು ಹರಿದುಕೊಂಡರೂ ಒಬ್ಬ ಹುಡುಗ ಮಾತ್ರ ಗೋಲಿನ ಆಸೆಗೆ ಹೊರಗೆ ಬರುವುದೇ ಇಲ್ಲ. ಪ್ರತಿ ತಂಡದಲ್ಲೂ ಅಂಥವನು ಒಬ್ಬ ಇರುತ್ತಾನೆ. ನಿಮ್ಮ ಮೊಮ್ಮಗನೇ ಇರಬಹುದು, ಹೋಗಿ ನೋಡಿ!

ಆಟ 20 ನಿಮಿಷದ ಮೂರು ಪಾಲು. ಸೀಟಿ ಊದಿದರೆ ಗಡಿಯಾರವೂ ನಿಲ್ಲುತ್ತದೆ, ಹಾಗಾಗಿ 60 ನಿಮಿಷದ ಪಂದ್ಯ ಎರಡೂವರೆ ಗಂಟೆ ಹಿಡಿಯುತ್ತದೆ. ಮಕ್ಕಳದು ಇದಕ್ಕಿಂತ ಚಿಕ್ಕದು.

ಇನ್ನು "ಏನೂ ತಪ್ಪಾಗದೆ ಸೀಟಿ ಊದುತ್ತಾರೆ" ಅಂದಿರಿ. ತಪ್ಪಾಗಿರುತ್ತದೆ, ಆದರೆ ಪಕ್ ಹತ್ತಿರ ಅಲ್ಲ, ಗೆರೆಯ ಹತ್ತಿರ. ನಡುವೆ ಒಂದು ಕೆಂಪು ಗೆರೆ, ಅದರ ಎರಡೂ ಕಡೆ ಒಂದೊಂದು ನೀಲಿ ಗೆರೆ. ಎದುರಾಳಿಯ ನೀಲಿ ಗೆರೆಯ ಆಚೆಗಿನದು ಅವರ ಮನೆ. ಗೃಹಪ್ರವೇಶದಲ್ಲಿ ಏನು ಮಾಡುತ್ತೇವೆ? ಮೊದಲು ಹಸು ಒಳಗೆ ಹೋಗಬೇಕು, ಆಮೇಲೆ ಮನೆಯವರು, ಆಮೇಲೆ ಬೀಗರು. ಇಲ್ಲಿ ಪಕ್ಕೇ ಹಸು. ಪಕ್ ನೀಲಿ ಗೆರೆ ದಾಟುವ ಮೊದಲೇ ದಾಳಿ ಮಾಡುವವನ ಎರಡೂ ಕಾಲು ಆಚೆ ಹೋಗಿದ್ದರೆ ಅದು ಆಫ್‌ಸೈಡ್. ಹಸು ಇನ್ನೂ ಬೀದಿಯಲ್ಲಿದೆ, ಬೀಗರು ಆಗಲೇ ಒಳಗೆ ಹೋಗಿ ಎಲೆ ಮುಂದೆ ಕೂತಿದ್ದಾರೆ. ಸೀಟಿ!

ಒಂದು ಕಾಲು ಗೆರೆಯ ಮೇಲಿದ್ದರೂ ಸಾಕು, ತಪ್ಪಿಲ್ಲ. ಅದಕ್ಕೇ ಹುಡುಗರು ಗೆರೆಯ ಹತ್ತಿರ ಬಂದು ಒಂದು ಕಾಲು ಹಿಂದೆ ಎಳೆದುಕೊಂಡು, ಹೊಸ್ತಿಲ ಮೇಲೆ ನಿಂತ ಹಾಗೆ ಅಡ್ಡಡ್ಡ ಜಾರುವುದು ಕಾಣಿಸುತ್ತದೆ. ಕೆಲವು ಸಲ ಲೈನ್ಸ್‌ಮನ್ ಕೈ ಎತ್ತಿ ನಿಲ್ಲುತ್ತಾನೆ, ಸೀಟಿ ಊದುವುದಿಲ್ಲ. ಮೊದಲೇ ಒಳಗಿದ್ದವರು ಪಕ್ ಮುಟ್ಟದೆ ಹೊರಗೆ ಬಂದು ಮತ್ತೆ ಹೋಗಲಿ ಅಂತ ಕಾಯುತ್ತಿರುತ್ತಾನೆ. ನಿಮ್ಮ ಕಾಲದ ಹಾಕಿಯಲ್ಲೂ ಆಫ್‌ಸೈಡ್ ಇತ್ತು, 1990ರ ದಶಕದಲ್ಲಿ ತೆಗೆದುಹಾಕಿದರು. ಆ ಲೆಕ್ಕ ಬೇರೆ, ಎದುರಾಳಿಗಳು ಎಷ್ಟು ಜನ ಮುಂದಿದ್ದಾರೆ ಅನ್ನುವುದು. ಇಲ್ಲಿ ಜನರನ್ನು ಎಣಿಸಬೇಕಿಲ್ಲ, ಗೆರೆ ನೋಡಿದರೆ ಸಾಕು.

ಈಗ ಮೊಮ್ಮಗ ಕೇಳಿದ ಐಸಿಂಗ್. ಎದುರಾಳಿಗಳು ಮೇಲೆ ಬಿದ್ದಿದ್ದಾರೆ, ಕಾಲು ಸೋತಿದೆ. ಆಗ ಯಾರಿಗಾದರೂ ಅನಿಸುವುದೇನು? ಪಕ್ ಸಿಕ್ಕ ಕೂಡಲೇ ಜೋರಾಗಿ ಆ ತುದಿಗೆ ಬಾರಿಸಿಬಿಡೋಣ, ಅವರು ಹೋಗಿ ತರುವಷ್ಟರಲ್ಲಿ ನಾವು ಬೆಂಚಿಗೆ ಹೋಗಿ ಕೂರೋಣ ಅಂತ. ಇದು ನಮ್ಮ ಮನೆಯ ಕಸ ಪಕ್ಕದ ಮನೆ ಅಂಗಳಕ್ಕೆ ಎಸೆದ ಹಾಗೆ. ನಡುವಿನ ಕೆಂಪು ಗೆರೆಗಿಂತ ಹಿಂದೆ ನಿಂತು ಹೊಡೆದ ಪಕ್ ಯಾರಿಗೂ ತಾಗದೆ, ಗೋಲಿನೊಳಗೂ ಹೋಗದೆ, ಎದುರಾಳಿಯ ಗೋಲ್ ಲೈನ್ (ಗೋಲಿನ ಎರಡೂ ಬದಿಗೆ ಗೋಡೆಯವರೆಗೆ ಎಳೆದ ಗೆರೆ) ದಾಟಿ ಹೋದರೆ ಐಸಿಂಗ್. ಶಿಕ್ಷೆ ಏನು ಗೊತ್ತಾ? ಕಸ ತಂದು ನಿಮ್ಮ ಹೊಸ್ತಿಲಲ್ಲೇ ಸುರಿಯುತ್ತಾರೆ. ಪಕ್ ವಾಪಸ್ ನಿಮ್ಮ ಗೋಲಿನ ಪಕ್ಕಕ್ಕೆ ಬರುತ್ತದೆ, ಅಲ್ಲಿಂದಲೇ ಆಟ ಶುರು. ಎನ್‌ಎಚ್‌ಎಲ್‌ನಲ್ಲಿ 2005ರಿಂದ ಇನ್ನೊಂದು ಬರೆ ಎಳೆದಿದ್ದಾರೆ. ಐಸಿಂಗ್ ಮಾಡಿದ ತಂಡ ಆಗ ಆಟಗಾರರನ್ನು ಬದಲಿಸುವಂತಿಲ್ಲ. ಅದೇ ಸುಸ್ತಾದ ಐದು ಜನ, ಎದುರಿಗೆ ತಾಜಾ ಐದು ಜನ. ಮೇಲೆ ಹೇಳಿದೆನಲ್ಲ, ಎಲ್ಲಾ ಕಾಲಿನ ಲೆಕ್ಕ.

ಈ "ಆಟ ಶುರು" ಅನ್ನುವುದು ಫೇಸ್‌ಆಫ್. ನಿಮ್ಮ ಕಾಲದ ಬುಲ್ಲಿ ನೆನಪಿದೆಯಾ, ಇಬ್ಬರು ಎದುರುಬದುರು ನಿಂತು ಸ್ಟಿಕ್ ತಾಗಿಸುವುದು? ಅದರ ಅಣ್ಣ ಅಂದುಕೊಳ್ಳಿ. ನಡುವೆ ಪಕ್ ಬೀಳಿಸುತ್ತಾರೆ, ಯಾರು ಮೊದಲು ಎಳೆದುಕೊಂಡರೆ ಅವರದು.

ಪೆನಾಲ್ಟಿ ಅಂದರೆ ನನಗೆ ತುಂಬಾ ಪ್ರೀತಿ, ಐದು ವರ್ಷ ಆ ಬಾಗಿಲಲ್ಲೇ ಕೂತವನು ನೋಡಿ. ಕಾಲು ಅಡ್ಡ ಹಾಕುವುದು, ಸ್ಟಿಕ್ಕಿನಿಂದ ಎಳೆಯುವುದು, ಕೈಯಿಂದ ಹಿಡಿಯುವುದು, ಸ್ಟಿಕ್ ಮುಖದ ಎತ್ತರಕ್ಕೆ ಎತ್ತಿ ತಾಗಿಸುವುದು, ಇಂಥವಕ್ಕೆ 2 ನಿಮಿಷ ಹೊರಗೆ. ಆಟಗಾರ ಒಂದು ಗಾಜಿನ ಗೂಡಿನಲ್ಲಿ ಹೋಗಿ ಕೂರಬೇಕು. ಅವನ ಜಾಗಕ್ಕೆ ಬೇರೆಯವನು ಬರುವಂತಿಲ್ಲ. ಐದರ ಎದುರು ನಾಲ್ಕು. ಕಬಡ್ಡಿಯಲ್ಲಿ ಇಬ್ಬರು ಔಟಾದಾಗ ಉಳಿದವರ ಮುಖ ನೋಡಿದ್ದೀರಲ್ಲ, ಅದೇ ಸ್ಥಿತಿ. ಜಾಸ್ತಿ ಜನ ಇರುವ ತಂಡಕ್ಕೆ ಇದು ಪವರ್ ಪ್ಲೇ. ಐಪಿಎಲ್‌ನ ಪವರ್ ಪ್ಲೇಗೂ ಇದಕ್ಕೂ ಸಂಬಂಧ ಇಲ್ಲ, ಹೆಸರಷ್ಟೇ ಒಂದು. ಕಡಿಮೆ ಜನ ಇರುವ ತಂಡಕ್ಕೆ ಒಂದು ರಿಯಾಯಿತಿ ಇದೆ. ದೊಡ್ಡವರ ಆಟದಲ್ಲಿ ಅವರು ಪಕ್ಕನ್ನು ಆ ತುದಿಗೆ ಬಾರಿಸಿದರೂ ಐಸಿಂಗ್ ಹಿಡಿಯುವುದಿಲ್ಲ.

2 ನಿಮಿಷದೊಳಗೆ ಎದುರಾಳಿ ಗೋಲು ಹೊಡೆದರೆ ಶಿಕ್ಷೆ ಅಲ್ಲಿಗೇ ಮುಗಿಯಿತು, ಹುಡುಗ ಹೊರಗೆ ಬರಬಹುದು. ಮೊದಲು ಹೀಗಿರಲಿಲ್ಲ. ಎಷ್ಟು ಗೋಲು ಬಿದ್ದರೂ ಪೂರ್ತಿ 2 ನಿಮಿಷ ಕೂರಬೇಕಿತ್ತು. 1955ರ ನವೆಂಬರ್‌ನಲ್ಲಿ ಮಾಂಟ್ರಿಯಲ್ ತಂಡದ ಜಾನ್ ಬೆಲಿವೊ ಒಂದೇ ಪವರ್ ಪ್ಲೇಯಲ್ಲಿ, 44 ಸೆಕೆಂಡಿನಲ್ಲಿ ಮೂರು ಗೋಲು ಹೊಡೆದ. ಉಳಿದ ತಂಡಗಳಿಗೆ ತಡೆಯಲಾಗಲಿಲ್ಲ. ಮರುವರ್ಷ ನಿಯಮವೇ ಬದಲಾಯಿತು. ಒಂದು ತಂಡ ಚೆನ್ನಾಗಿ ಆಡಿದ್ದಕ್ಕೇ ಆಟದ ಕಾನೂನು ತಿದ್ದಿದ್ದು! ಇನ್ನೂ ಕೆಟ್ಟ ತಪ್ಪಿಗೆ 5 ನಿಮಿಷ. ಅದರಲ್ಲಿ ಎಷ್ಟು ಗೋಲು ಬಿದ್ದರೂ ಬಿಡುಗಡೆ ಇಲ್ಲ.

ನನ್ನದೊಂದು ಎಡವಟ್ಟು ಹೇಳುತ್ತೇನೆ. ಮೊದಲ ವರ್ಷ, ಹತ್ತು-ಹನ್ನೊಂದರ ಹುಡುಗರ ಪಂದ್ಯ. ಒಬ್ಬ ಪೋರ ಕಾಲು ಅಡ್ಡ ಹಾಕಿ ನನ್ನ ಗೂಡಿಗೆ ಬಂದ. ಹೆಲ್ಮೆಟ್ಟಿನ ಜಾಲರಿಯೊಳಗೆ ಮೂಗು ಸೊರ್ ಸೊರ್. ಅಳುತ್ತಿದ್ದಾನೋ ಚಳಿಗೋ ಗೊತ್ತಾಗಲಿಲ್ಲ. ಕಣ್ಣು ಮಾತ್ರ ಗಡಿಯಾರದ ಮೇಲೆ. 10, 9, 8 ಅಂತ ಅವನು ಬಾಯಲ್ಲಿ ಎಣಿಸುತ್ತಿದ್ದ, ನಾನೂ ಅವನ ಜೊತೆ ಎಣಿಸಿದೆ. ಆ ಹುರುಪಿನಲ್ಲಿ 3ಕ್ಕೇ ಬಾಗಿಲು ತೆಗೆದುಬಿಟ್ಟೆ. ಪೋರ ಕವಣೆ ಕಲ್ಲಿನ ಹಾಗೆ ಹಾರಿದ. ಸೀಟಿ ಬಿತ್ತು. ಬಾಗಿಲು ಕಾಯುವವನ ತಪ್ಪಿಗೆ ಹುಡುಗನಿಗೆ ಹೆಚ್ಚಿನ ಶಿಕ್ಷೆ ಇಲ್ಲ, ಉಳಿದ ಸಮಯ ಮಾತ್ರ ಕೂರಬೇಕು. ಅವನು ವಾಪಸ್ ಬಂದು, ಆ 3 ಸೆಕೆಂಡ್ ಕೂರುವುದಕ್ಕೆ ನನ್ನ ಪಕ್ಕ ಕೂತ. ಒಂದು ಮಾತಾಡಲಿಲ್ಲ. ಒಂದು ನೋಟ ನೋಡಿದ, ಅಷ್ಟೇ. ಇವತ್ತಿಗೂ ಲಿಫ್ಟಿನ ಬಾಗಿಲು ತೆರೆಯುವಾಗ ಆ ನೋಟ ನೆನಪಾಗುತ್ತದೆ.

ಹೊಡೆದಾಟದ ವಿಷಯ. ಎನ್‌ಎಚ್‌ಎಲ್‌ನಲ್ಲಿ ಕೈಗವಸು ಕಿತ್ತೆಸೆದು ಗುದ್ದಾಡಿದರೆ ಇಬ್ಬರಿಗೂ 5 ನಿಮಿಷ. ಆಡುವುದರಿಂದ ಪೂರ್ತಿ ಹೊರಗೆ ಹಾಕುವುದಿಲ್ಲ. ಅಂಪೈರ್ ಸುಮ್ಮನೆ ನಿಂತಿದ್ದಾನೆ ಅಂದಿರಲ್ಲ, ಲೈನ್ಸ್‌ಮನ್‌ಗಳು, ಗುದ್ದಾಡುವವರಿಬ್ಬರೂ ಸುಸ್ತಾಗಿ ಕೈ ಬಿಡುವುದನ್ನು ಅಥವಾ ಕೆಳಗೆ ಬೀಳುವುದನ್ನು ಕಾದು ನಡುವೆ ನುಗ್ಗುತ್ತಾರೆ. ಮೊದಲೇ ನುಗ್ಗಿದರೆ ಗುದ್ದು ಅವರಿಗೇ. ಹಳೆಯ ಸಂಪ್ರದಾಯ, ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ನನಗೆ ಇದು ಯಾವತ್ತೂ ರುಚಿಸಲಿಲ್ಲ. ಇಷ್ಟು ಚೆಂದದ ಆಟಕ್ಕೆ ಇದೊಂದು ಅಂಟಿಕೊಂಡ ಹೊಲಸು ಅನ್ನುವವನು ನಾನು. ಅಲ್ಲಿಯ ನನ್ನ ಗೆಳೆಯರು ಒಪ್ಪುವುದಿಲ್ಲ. ಒಲಿಂಪಿಕ್ಸ್‌ನಂಥ ಅಂತರರಾಷ್ಟ್ರೀಯ ಪಂದ್ಯದಲ್ಲಿ ಗುದ್ದಾಡಿದವನು ಸೀದಾ ಹೊರಗೆ.

ನೀವು ಮೊಮ್ಮಗನ ಬಗ್ಗೆ ಹೆದರಬೇಡಿ. ಕೆನಡಾದಲ್ಲಿ 13 ವರ್ಷದೊಳಗಿನವರ ವಿಭಾಗದವರೆಗೂ ಮೈಯಿಂದ ಗುದ್ದಿ ಬೀಳಿಸುವುದಕ್ಕೆ ಅನುಮತಿಯೇ ಇಲ್ಲ. ಮುಖಕ್ಕೆ ಪೂರ್ತಿ ಜಾಲರಿ, ಕುತ್ತಿಗೆಗೆ ಪಟ್ಟಿ, ಮೈತುಂಬ ಪ್ಯಾಡ್. ಬಿದ್ದರೆ ದಿಂಬು ಬಿದ್ದ ಹಾಗೆ ಬೀಳುತ್ತಾರೆ. ಆ ಪ್ಯಾಡಿನ ಚೀಲದ ವಾಸನೆಗೆ ಮಾತ್ರ ನೀವು ತಯಾರಾಗಿರಿ. ಕಾರಿನ ಡಿಕ್ಕಿ ತೆಗೆದರೆ ಒದ್ದೆ ಕಂಬಳಿ ಮೂರು ದಿನ ಮುಚ್ಚಿಟ್ಟ ನಾತ.

ಹಿಂದೆ ದೊಡ್ಡವರಿಗೇ ಇಷ್ಟು ರಕ್ಷಣೆ ಇರಲಿಲ್ಲ. ಗೋಲ್‌ಕೀಪರ್‌ಗಳು ಬರಿ ಮುಖದಲ್ಲಿ ನಿಲ್ಲುತ್ತಿದ್ದರು. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಮಾಂಟ್ರಿಯಲ್‌ನ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಮುಖಕ್ಕೆ ಪಕ್ ಬಡಿಯಿತು. ಹೊಲಿಗೆ ಹಾಕಿಸಿಕೊಂಡು ಬಂದವನು ಮುಖವಾಡ ಹಾಕಿಕೊಂಡೇ ಆಡುತ್ತೇನೆ ಅಂತ ಹಟ ಹಿಡಿದ. ಕೋಚ್‌ಗೆ ಇಷ್ಟ ಇರಲಿಲ್ಲ, ಬೇರೆ ಗೋಲ್‌ಕೀಪರೂ ಇರಲಿಲ್ಲ. ಒಪ್ಪಲೇಬೇಕಾಯಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹಾಕಿಕೊಂಡರು.

ನಡುವಿನ ವಿರಾಮದಲ್ಲಿ ಚಹಾಕ್ಕೆ ಓಡಬೇಡಿ, ಒಂದು ಗಾಡಿ ಬರುತ್ತದೆ. ಸ್ಕೇಟಿನ ಅಲಗು ಗೀರಿದ ಮಂಜನ್ನು ಹೆರೆದು, ತೊಳೆದು, ಹಿಂದಿನಿಂದ ತೆಳ್ಳಗೆ ಬಿಸಿನೀರು ಬಿಡುತ್ತ ಹೋಗುತ್ತದೆ. ನಮ್ಮಲ್ಲಿ ಅಂಗಳ ಸಾರಿಸಿದ ಹಾಗೆ ಸಾಲು ಸಾಲಾಗಿ. ಬಿಸಿನೀರು ಯಾಕೆ ಅಂದರೆ ಅದು ಮೇಲಿನ ಪದರವನ್ನು ಸ್ವಲ್ಪ ಕರಗಿಸಿ ಹಳೆಯ ಮಂಜಿಗೆ ಬೆಸೆದುಕೊಂಡು ನುಣ್ಣಗೆ ಹೆಪ್ಪುಗಟ್ಟುತ್ತದೆ. ಕ್ಯಾಲಿಫೋರ್ನಿಯಾದ ಫ್ರಾಂಕ್ ಜಾಂಬೋನಿ 1949ರಲ್ಲಿ ಇದನ್ನು ಮಾಡಿದ. ಅದಕ್ಕೂ ಮೊದಲು ಈ ಕೆಲಸಕ್ಕೆ ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತಿತ್ತು. ಗಾಡಿಗೆ ಅವನದೇ ಹೆಸರು ನಿಂತುಬಿಟ್ಟಿದೆ. ಮಕ್ಕಳು ಗಾಜಿಗೆ ಮೂಗು ಒತ್ತಿ ಜಾಂಬೋನಿ ನೋಡುತ್ತಾರೆ, ನಾನೂ ನೋಡುತ್ತಿದ್ದೆ.

ಟಿವಿಯಲ್ಲಿ ಪಂದ್ಯ ನೋಡುವಾಗ ಒಮ್ಮೆಲೇ ನೂರಾರು ಟೋಪಿ ಮಂಜಿನ ಮೇಲೆ ಬಿದ್ದರೆ ಗಾಬರಿಯಾಗಬೇಡಿ. ಒಬ್ಬನೇ ಮೂರು ಗೋಲು ಹೊಡೆದಿದ್ದಾನೆ, ಹ್ಯಾಟ್ರಿಕ್. ಹೆಸರು ಬಂದಿದ್ದು ಕ್ರಿಕೆಟ್ಟಿನಿಂದ, ಟೋಪಿ ಎಸೆಯುವ ಚಾಳಿ ಮಾತ್ರ ಇವರದು. ನೀವು ಗಾಂಧಿ ಟೋಪಿ ಹಾಕುವವರಾದರೆ ಎಸೆಯಬೇಡಿ, ವಾಪಸ್ ಸಿಗುವುದಿಲ್ಲ.

ನಮ್ಮ ದೇಶದಲ್ಲಿ ಇದೆಯಾ ಅಂದಿರಿ. ಇದೆ, ಚೆನ್ನಾಗಿಯೇ ಇದೆ, ಆದರೆ ಲಡಾಖ್‌ನಲ್ಲಿ. ಚಳಿಗಾಲದಲ್ಲಿ ಅಲ್ಲಿ ಕೆರೆ, ಹೊಂಡಗಳು ಹೆಪ್ಪುಗಟ್ಟುತ್ತವೆ. 1970ರ ದಶಕದಲ್ಲಿ ಸೈನಿಕರು ಲೇಹ್‌ನಲ್ಲಿ ಆಡಲು ಶುರು ಮಾಡಿದ್ದು, ಊರಿನವರಿಗೂ ಹತ್ತಿಕೊಂಡಿತು. ನಮ್ಮ ಹೆಣ್ಣುಮಕ್ಕಳ ತಂಡ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿದ್ದು 2016ರಲ್ಲಿ, ತೈವಾನ್‌ನಲ್ಲಿ. ಹೋಗುವುದಕ್ಕೆ ದುಡ್ಡಿಲ್ಲದೆ ಜನರಿಂದ ವಂತಿಗೆ ಎತ್ತಿ ಹೋದವರು. 2025ರಲ್ಲಿ ಅದೇ ತಂಡ ಅರಬ್ ಎಮಿರೇಟ್ಸ್‌ನ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ಒಳಾಂಗಣ ರಿಂಕ್ ಕೂಡ ಇದೆ.

ನಮ್ಮ ಧಾರವಾಡದ ಕಡೆ ಮಂಜು ಎಲ್ಲಿಂದ ತರೋಣ? ಗಾಲಿ ಸ್ಕೇಟಿನಲ್ಲಿ ಆಡಬಹುದು. ಗೆರೆ, ಶಿಫ್ಟ್, ಪಾಸು ಎಲ್ಲ ಕಲಿಯಬಹುದು. ಒಂದು ಮಾತ್ರ ಬರುವುದಿಲ್ಲ, ನಿಲ್ಲುವುದು. ಐಸ್ ಸ್ಕೇಟಿನ ಅಲಗು ಸುಮಾರು 3 ಮಿಲಿಮೀಟರ್ ಅಗಲ. ಅದರ ತಳದಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯ ಹಾಗೆ ಕೊರೆದಿರುತ್ತಾರೆ, ಹಾಗಾಗಿ ಎರಡು ಅಂಚು. ಎರಡೂ ಪಾದ ಅಡ್ಡ ತಿರುಗಿಸಿ ಆ ಅಂಚಿನಿಂದ ಮಂಜು ಕೆರೆದರೆ ಬಿಳಿ ಪುಡಿ ಚಿಮ್ಮಿ ಮನುಷ್ಯ ಗಕ್ಕನೆ ನಿಲ್ಲುತ್ತಾನೆ. ಸಿಮೆಂಟಿನ ಮೇಲೆ ಗಾಲಿಯಲ್ಲಿ ಅದನ್ನು ಮಾಡಲು ಹೋದರೆ ಮೊಣಕಾಲು ತರಿಯುತ್ತದೆ. ಮೊಮ್ಮಗನಿಗೆ "ನಿಂತು ತೋರಿಸು" ಅನ್ನಿ, ಕುಣಿದು ತೋರಿಸುತ್ತಾನೆ.

ಕೊನೆಗೆ ಕೂತು ನೋಡುವ ವಿಷಯ. ಹೊರಗೆ ಹಿಮ ಬಿದ್ದಿದೆ, ಒಳಗೆ ಬೆಚ್ಚಗಿರುತ್ತದೆ ಅಂದುಕೊಂಡು ಹೋದರೆ ಕೆಟ್ಟಿರಿ. ಮಂಜು ಉಳಿಯಬೇಕಲ್ಲ, ಒಳಗೂ ಥಂಡಿಯೇ. ಎರಡು ಸ್ವೆಟರ್, ಕಾಲಿಗೆ ಉಣ್ಣೆಯ ಕಾಲುಚೀಲ, ಕೂರಲು ಒಂದು ಮಡಚಿದ ಕಂಬಳಿ. ಲೋಹದ ಬೆಂಚು ಬರೀ ಪಂಚೆಗೆ ದಯೆ ತೋರಿಸುವುದಿಲ್ಲ. ಮಕ್ಕಳ ಪಂದ್ಯ ಬೆಳಗ್ಗೆ ಆರು-ಏಳಕ್ಕೂ ಇರುತ್ತದೆ, ಫ್ಲಾಸ್ಕಿನಲ್ಲಿ ಚಹಾ ಒಯ್ಯಿರಿ.

ಸೀಟಿ ಊದುವವರು ಬಹಳ ಸಲ ಹದಿನೈದು-ಹದಿನಾರರ ಹುಡುಗ-ಹುಡುಗಿಯರೇ. ಅವರೂ ಕಲಿಯುತ್ತಿರುತ್ತಾರೆ, ಬೈಯಬೇಡಿ. ಮೊಮ್ಮಗನಿಗೆ ಮೇಲಿನಿಂದ ಕೋಚಿಂಗ್ ಕೊಡಲೂ ಬೇಡಿ. ಹೆಲ್ಮೆಟ್ಟಿನೊಳಗೆ ಅವನಿಗೆ ಕೇಳಿಸುವುದು ಕೋಚ್ ದನಿ ಮತ್ತು ಅವನದೇ ಉಸಿರು.

ಹುರಿದುಂಬಿಸಲು ಧಾರಾಳವಾಗಿ ಕೂಗಬಹುದು. ಅಲ್ಲಿಯ ತಾಯಂದಿರು ದನದ ಕೊರಳಿನ ಗಂಟೆ ತಂದು ಬಾರಿಸುತ್ತಾರೆ. ಸುಳ್ಳಲ್ಲ, ಅಂಗಡಿಯಲ್ಲಿ ಅದಕ್ಕೆಂದೇ ಮಾರುತ್ತಾರೆ. ತಗಡಿನ ಸಪ್ಪೆ ಗಂಟೆ, ಲೊಡ ಲೊಡ ಅನ್ನುತ್ತದೆ. ನಿಮ್ಮ ಹಳೆಯ ಮನೆಯ ಅಟ್ಟದ ಮೇಲೆ ಕಾರಹುಣ್ಣಿಮೆಗೆ ಎತ್ತಿಗೆ ಕಟ್ಟುವ ಹಿತ್ತಾಳೆ ಗಂಟೆ ಇದ್ದರೆ ಸೂಟ್‌ಕೇಸಿಗೆ ಹಾಕಿಕೊಳ್ಳಿ. ಕೆಲವು ರಿಂಕ್‌ಗಳಲ್ಲಿ ಸದ್ದಿನ ಸಾಮಾನು ತರಬಾರದು ಅಂತ ಬೋರ್ಡ್ ಇರುತ್ತದೆ, ಮಗಳನ್ನು ಒಂದು ಮಾತು ಕೇಳಿ. ಇಲ್ಲದಿದ್ದರೆ ಗೋಲು ಬಿದ್ದಾಗ ಬಾರಿಸಿ. ಬಾರಿಸುವ ಮೊದಲು ಮಾತ್ರ ನೀಲಿ ಗೆರೆ ಕಡೆ ಒಮ್ಮೆ ನೋಡಿ, ಹಸು ಮೊದಲು ಒಳಗೆ ಹೋಗಿತ್ತಾ ಅಂತ.